ಆಲೂಗಡ್ಡೆ ಸಿಪ್ಪೆ ಎಸೆಯಬೇಡಿ
ಆಲೂಗಡ್ಡೆಯನ್ನು ಹೆರೆಯುವ ಮುಂಚೆಯೇ ಚೆನ್ನಾಗಿ ಉಜ್ಜಿ ತೊಳೆಯಿರಿ. ಆಮೇಲೆ ಸಿಪ್ಪೆಯನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿ. ಇದೇ ಮುಖ್ಯ, ನೀರಿನ ಪಸೆ ಇದ್ದರೆ ಗರಿಗರಿ ಆಗುವುದಿಲ್ಲ. ಸ್ವಲ್ಪ ಎಣ್ಣೆ, ಉಪ್ಪು ಸವರಿ, ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 15 ನಿಮಿಷ ಇಡಿ. ಅಂಚು ಕಂದಾಗಿ ಸುರುಳಿ ಸುತ್ತಿಕೊಂಡರೆ ಆಯ್ತು. ಬಿಸಿ ಇದ್ದಾಗಲೇ ತಿನ್ನಿ, ರುಚಿ ಜಾಸ್ತಿ.

ಹಸಿರು ತಿರುಗಿದ ಅಥವಾ ಮೊಳಕೆ ಬಂದ ಗಡ್ಡೆಯ ಸಿಪ್ಪೆ ಮಾತ್ರ ಖಂಡಿತ ಬೇಡ. ಅದರಲ್ಲಿ ಸೊಲನೈನ್ ಎಂಬ ವಿಷ ಹೆಚ್ಚಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ.

ಕಿತ್ತಳೆ ಸಿಪ್ಪೆಯನ್ನೂ ಎಸೆಯಬೇಡಿ. ಅದು ಕಹಿ ಅಲ್ವಾ ಅಂತೀರಾ? ಕುದಿಸಿ ನೀರು ಬಸಿಯಿರಿ. ಹೊಸ ನೀರು ಹಾಕಿ ಇನ್ನೆರಡು ಸಲ ಹೀಗೇ ಮಾಡಿದರೆ ಕಹಿ ಬಹಳ ಇಳಿಯುತ್ತದೆ. ನಂತರ ಸಕ್ಕರೆ ಪಾಕದಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ ಒಣಗಿಸಿಡಿ.