ಬೆನ್ನ ಕೆಳಗಿನ ಗಾಳಿ: ಬೇಸಿಗೆಯ ರಾತ್ರಿ ಜೋಲಿಯಲ್ಲಿ ಮಲಗಿದ ನನ್ನ ಅನುಭವ

ಐದು ವರ್ಷಗಳ ಹಿಂದೆ, ಅಕ್ಟೋಬರ್ ತಿಂಗಳ ಒಂದು ರಾತ್ರಿ, ಶಹಾಪುರ ತಾಲ್ಲೂಕಿನಲ್ಲಿ ತಂಗಿಯ ಮನೆಯವರ ಹೊಲದ ಬದುವಿನ ಮೇಲೆ ಎರಡು ಬೇವಿನ ಮರಗಳ ನಡುವೆ ಹ್ಯಾಮಕ್, ಅಂದರೆ ಬಟ್ಟೆಯ ಜೋಲಿ, ಕಟ್ಟಿ ಮಲಗಿದ್ದೆ. ಮೇಲಿನಿಂದ ಸೊಳ್ಳೆಪರದೆ ಇಳಿಬಿಟ್ಟಿದ್ದೆ; ಮುಖಕ್ಕೂ ಕೈಗಳಿಗೂ ಮುಲಾಮು ಹಚ್ಚಿಕೊಂಡಿದ್ದೆ. ಬೆಳಗ್ಗೆ ಎದ್ದು ಅಂಗಿ ಕಳೆದಾಗ ಬೆನ್ನು, ಸೊಂಟ, ತೊಡೆಯ ಹಿಂಭಾಗವೆಲ್ಲ ಕೆಂಪು ದದ್ದುಗಳಿಂದ ತುಂಬಿತ್ತು. ಎಣಿಸಲು ಕುಳಿತ ತಂಗಿ ನಲವತ್ತು ದಾಟಿದ ಮೇಲೆ ಎಣಿಕೆ ಬಿಟ್ಟಳು. ಮುಖದ ಮೇಲೆ ಒಂದು ಕಡಿತವೂ ಇರಲಿಲ್ಲ. ಸೊಳ್ಳೆಗಳು ಪರದೆಯ ಒಳಗೆ ಬಂದೇ ಇರಲಿಲ್ಲ. ನನ್ನ ಭಾರಕ್ಕೆ ಬಿಗಿದು ಮೈಗೆ ಅಂಟಿಕೊಂಡಿದ್ದ ತೆಳುವಾದ ನೈಲಾನ್ ಬಟ್ಟೆಯ ಕೆಳಗೆ ಕುಳಿತು, ಬಟ್ಟೆಯ ಮೂಲಕವೇ ರಕ್ತ ಹೀರಿದ್ದವು.

ಜೋಲಿ ಸೆಖೆಗೆ ಒಳ್ಳೆಯದಾಗಿರುವುದಕ್ಕೂ ಸೊಳ್ಳೆಗೆ ಸುಲಭವಾಗಿರುವುದಕ್ಕೂ ಕಾರಣ ಒಂದೇ ಎಂಬುದು ಆ ಬೆಳಗ್ಗೆ ನನಗೆ ಹೊಳೆಯಿತು. ಹಾಸಿಗೆಯ ಮೇಲೆ ಮಲಗಿದರೆ ಮೈಯ ಶಾಖ ಹಾಸಿಗೆಯಲ್ಲೇ ಉಳಿದು ಬೆನ್ನು ಬೆವರುತ್ತದೆ. ಜೋಲಿಯಲ್ಲಾದರೆ ಬೆನ್ನ ಕೆಳಗೂ ಗಾಳಿ ಆಡುವುದರಿಂದ ಆ ಶಾಖ ಹೊರಟುಹೋಗುತ್ತದೆ. ಆದರೆ ಗಾಳಿಗೆ ತೆರೆದ ಬೆನ್ನು ಸೊಳ್ಳೆಗೂ ತೆರೆದೇ ಇರುತ್ತದೆ. ಬಟ್ಟೆ ದಪ್ಪ ಮಾಡಿದರೆ ಸೊಳ್ಳೆ ತಪ್ಪಿ ಸೆಖೆ ಹೆಚ್ಚುತ್ತದೆ. ತೆಳು ಮಾಡಿದರೆ ಸೆಖೆ ತಪ್ಪಿ ಸೊಳ್ಳೆ ಕಚ್ಚುತ್ತದೆ. ಅಂದಿನಿಂದ ಇಂದಿನವರೆಗೆ ನಾನು ಮಾಡಿದ್ದೆಲ್ಲ ಈ ತೊಡಕನ್ನು ಬಿಡಿಸುವ ಪ್ರಯತ್ನವೇ ಆಗಿದೆ.

ಕಲಬುರಗಿಯಲ್ಲಿ ಮೇ ತಿಂಗಳ ಹಗಲು 43–44 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಹಗಲೆಲ್ಲ ಕಾದ ಕಾಂಕ್ರೀಟ್ ಛಾವಣಿ ನಡುರಾತ್ರಿಯವರೆಗೂ ಶಾಖ ಬಿಡುತ್ತಲೇ ಇರುತ್ತದೆ. ಹೀಗಾಗಿ ಬೇಸಿಗೆಯ ರಜೆ ಬಂತೆಂದರೆ ನಾನು ಚಿಂಚೋಳಿ ತಾಲ್ಲೂಕಿನಲ್ಲಿರುವ ದೊಡ್ಡಪ್ಪನ ಹೊಲಕ್ಕೆ ಹೋಗುತ್ತೇನೆ. ಅಲ್ಲಿಂದ ಚಂದ್ರಂಪಳ್ಳಿ ಜಲಾಶಯವಾಗಲಿ, 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮವಾಗಲಿ ದೂರವಿಲ್ಲ. ಆದರೂ ನಾನು ಜೋಲಿ ಕಟ್ಟುವುದು ಸ್ವಂತ ಹೊಲದ ಮರಗಳಿಗೆ ಮಾತ್ರ. ವನ್ಯಜೀವಿಧಾಮದೊಳಗೆ ರಾತ್ರಿ ಉಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿಯಿಲ್ಲದೆ ಕಾಡಿನಲ್ಲಿ ಜೋಲಿ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಮೊದಲ ಬೇಸಿಗೆಯಲ್ಲಿ ಹೊಲದ ನಡುವಿನ ದೊಡ್ಡ ಹುಣಸೆ ಮರದ ಕೆಳಗೆ ಕಟ್ಟಲು ಹೊರಟಿದ್ದೆ. ದೊಡ್ಡಪ್ಪ ತಡೆದರು. "ಅಲ್ಲಿ ಬ್ಯಾಡ ತಮ್ಮಾ, ಮಧ್ಯಾಹ್ನ ದನ ನಿಂದರ್ತಾವ, ಉಣ್ಣಿ ಇರ್ತಾವ. ಗಾಳಿ ಯಾವ ಕಡಿಂದ ಬರ್ತದ ನೋಡಿ ಬದುವಿನ ಮ್ಯಾಲ ಕಟ್ಟು" ಎಂದರು. ಅವರ ಮಾತಿನಲ್ಲಿ ಎರಡು ತಿಳಿವಳಿಕೆಗಳಿದ್ದವು. ದನ ನಿಲ್ಲುವ ಜಾಗದಲ್ಲಿ ಉಣ್ಣಿಯಷ್ಟೇ ಅಲ್ಲ, ಸೊಳ್ಳೆಯೂ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಸೊಳ್ಳೆಗಳು ದನದ ರಕ್ತಕ್ಕೂ ಮುಗಿಬೀಳುತ್ತವೆ. ಇನ್ನೊಂದು, ದಟ್ಟವಾದ ಹುಣಸೆಯ ನೆರಳು ಹಗಲಿಗೆ ಹಿತವೆನಿಸಿದರೂ ರಾತ್ರಿ ನೆಲದ ಕಾವು ಆಕಾಶಕ್ಕೆ ಏರದಂತೆ ತಡೆಯುತ್ತದೆ. ಬದುವಿನ ಮೇಲಿನ ಬೇವಿನ ಮರಗಳ ಎಲೆ ವಿರಳ. ಮಲಗಿದಲ್ಲಿಂದ ನಕ್ಷತ್ರ ಕಾಣುವಷ್ಟು ಆಕಾಶ ತೆರೆದಿರುತ್ತದೆ, ಬದು ಎತ್ತರದಲ್ಲಿರುವುದರಿಂದ ಗಾಳಿಗೂ ಅಡ್ಡಿಯಿಲ್ಲ. ನಾನು ಒಂದು ಹಿಡಿ ಒಣ ಮಣ್ಣನ್ನು ಬೆರಳ ಸಂದಿಯಿಂದ ಉದುರಿಸಿ, ಧೂಳು ಹೋಗುವ ದಿಕ್ಕು ನೋಡಿ, ಆ ದಿಕ್ಕಿಗೆ ಅಡ್ಡವಾಗಿ ಜೋಲಿ ಕಟ್ಟುತ್ತೇನೆ. ಗಾಳಿ ತಲೆಯ ಕಡೆಯಿಂದ ಕಾಲಿನ ಕಡೆಗೆ ಹೋದರೆ ಜೋಲಿಯ ಅಂಚುಗಳು ಅದನ್ನು ತಡೆಯುತ್ತವೆ. ಪಕ್ಕದಿಂದ ಬೀಸಿದರೆ ಬೆನ್ನಿನ ಉದ್ದಕ್ಕೂ ತಾಗುತ್ತದೆ. ಸೊಳ್ಳೆಗೆ ಹಾರುವ ಶಕ್ತಿ ಕಡಿಮೆಯಾದ್ದರಿಂದ ಸಾಧಾರಣ ಗಾಳಿಯಿದ್ದರೂ ಅದಕ್ಕೆ ಮೈಮೇಲೆ ಕೂರುವುದು ಕಷ್ಟ. ಸೆಖೆ ಮತ್ತು ಸೊಳ್ಳೆ ಎರಡಕ್ಕೂ ಒಟ್ಟಿಗೆ ಆಗಿಬರುವ ಉಪಾಯ ನನಗೆ ತಿಳಿದಂತೆ ಇದೊಂದೇ, ಆದ್ದರಿಂದ ಜಾಗ ಹುಡುಕಲು ಅರ್ಧ ಗಂಟೆ ಹೋದರೂ ನನಗೆ ಬೇಸರವಿಲ್ಲ.

ನೀರಿನ ಹತ್ತಿರ ತಂಪಾಗಿರುತ್ತದೆಂದು ಕೆರೆಯ ದಂಡೆಗೆ ಹೋಗುವವರಿದ್ದಾರೆ. ನಾನು ನಿಂತ ನೀರಿನಿಂದ ಕಡಿಮೆಯೆಂದರೂ ಎರಡು ಮೂರು ನೂರು ಮೀಟರ್ ದೂರ ಇರುತ್ತೇನೆ. ಶಹಾಪುರದಲ್ಲಿ ನನ್ನ ಬೆನ್ನು ಆ ಸ್ಥಿತಿಗೆ ಬರಲು ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತದ ಗದ್ದೆಗಳೂ ಒಂದು ಕಾರಣ. ಸುತ್ತ ನೀರು ನಿಂತ ಗದ್ದೆ, ಗಾಳಿಯ ಸುಳಿವಿಲ್ಲ, ಮೈಮೇಲೆ ಹೊದ್ದ ಒದ್ದೆ ಟವೆಲ್ ಬೆಳಗಿನವರೆಗೂ ಒಣಗಿರಲಿಲ್ಲ.

ಇನ್ನು ಕಟ್ಟುವ ರೀತಿ. ಜೋಲಿಯನ್ನು ಬಿಗಿಯಾಗಿ, ಸಪಾಟಾಗಿ ಕಟ್ಟಿದರೆ ಹಾಸಿಗೆಯಂತೆ ಇರುತ್ತದೆ ಎಂಬುದು ಹೊಸಬರೆಲ್ಲರ ತಪ್ಪು ತಿಳಿವಳಿಕೆ. ನನ್ನದೂ ಅದೇ ಆಗಿತ್ತು. ಬಿಗಿದು ಕಟ್ಟಿದ ಜೋಲಿಯ ಅಂಚುಗಳು ಭುಜಗಳನ್ನು ಎರಡೂ ಕಡೆಯಿಂದ ಒತ್ತಿ, ಮೈಯನ್ನು ಕಡುಬಿನಂತೆ ಸುತ್ತಿಬಿಡುತ್ತವೆ. ಒಳಗೆ ಗಾಳಿಯೇ ಆಡುವುದಿಲ್ಲ. ಮಲಗಿದಾಗ ಜೋಲಿಯನ್ನು ಮರಕ್ಕೆ ಕಟ್ಟುವ ಪಟ್ಟಿಗಳು ನೆಲಕ್ಕೆ ಸಮಾನಾಂತರವಾದ ರೇಖೆಯಿಂದ ಸುಮಾರು 30 ಡಿಗ್ರಿ ಇಳಿಜಾರಾಗಿರಬೇಕು. ಈ ಕೋನದಲ್ಲಿ ಪ್ರತಿ ಪಟ್ಟಿಯ ಮೇಲೆ ಬೀಳುವ ಎಳೆತ ಮಲಗಿದವನ ತೂಕದಷ್ಟೇ ಇರುತ್ತದೆ. 15 ಡಿಗ್ರಿಗೆ ಇಳಿಸಿದರೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಮರಕ್ಕೂ ಹೊಲಿಗೆಗೂ ಅಪಾಯ. ಹೀಗೆ ಸಡಿಲವಾಗಿ ಇಳಿಬಿಟ್ಟ ಜೋಲಿಯಲ್ಲಿ ತಲೆ ಒಂದು ಬದಿಗೆ, ಕಾಲು ಇನ್ನೊಂದು ಬದಿಗೆ ಬರುವಂತೆ ಓರೆಯಾಗಿ ಮಲಗಿದರೆ ಬಟ್ಟೆ ಹರಡಿಕೊಂಡು ಬೆನ್ನು ನೆಟ್ಟಗಾಗುತ್ತದೆ, ಅಂಚುಗಳು ಮೈಯಿಂದ ದೂರ ಸರಿಯುತ್ತವೆ. ಮರದ ತೊಗಟೆ ಕತ್ತರಿಸದಂತೆ ಹಗ್ಗದ ಬದಲು ಒಂದು ಇಂಚಿಗಿಂತ ಅಗಲವಾದ ಪಟ್ಟಿಯನ್ನೇ ಬಳಸುತ್ತೇನೆ.

ಬಟ್ಟೆಯ ವಿಷಯದಲ್ಲಿ ನಾನು ತೆಳುವಾದ ಒಂದೇ ಪದರದ ನೈಲಾನ್ ಕಡೆಗೇ ನಿಂತೆ. ಎರಡು ಪದರದ ಜೋಲಿಯಲ್ಲಿ ಸೊಳ್ಳೆಯ ಸೂಜಿ ಮೈಗೆ ತಲುಪುವುದು ಕಷ್ಟವೆಂಬುದು ನಿಜ, ಆದರೆ ನಮ್ಮ ಮೇ ತಿಂಗಳಲ್ಲಿ ಅದರಲ್ಲಿ ಒಂದು ರಾತ್ರಿ ಮಲಗಿದ ನನಗೆ ಇನ್ನೊಂದು ರಾತ್ರಿ ಬೇಡವೆನಿಸಿತು. ನೈಲಾನ್ ಬೆವರು ಹೀರುವುದಿಲ್ಲವಾದ್ದರಿಂದ ಅದರ ಮೇಲೆ ಹಳೆಯ ಧೋತರವೊಂದನ್ನು ಹಾಸಿಕೊಳ್ಳುತ್ತೇನೆ.

ಉಳಿದದ್ದು ಪರದೆ. ಮೇಲಿನಿಂದ ಇಳಿಬೀಳುವ ಪರದೆಯಿಂದ ಬೆನ್ನಿಗೆ ರಕ್ಷಣೆಯಿಲ್ಲವೆಂದು ತಿಳಿದ ಮೇಲೆ, ಜೋಲಿಯನ್ನು ಸುತ್ತಲೂ, ಕೆಳಗಿನಿಂದಲೂ ಆವರಿಸುವ ಚೀಲದಂಥ ಪರದೆ ಬೇಕೆಂದು ನಿರ್ಧರಿಸಿದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಲ್ಲಿ ಸೊಳ್ಳೆಪರದೆಯ ಬಟ್ಟೆ ಕೊಂಡೆ. ಅಂಗಡಿಯವರ ಮುಂದೆಯೇ ಅಳತೆಪಟ್ಟಿ ಇಟ್ಟು ಒಂದು ಇಂಚಿನೊಳಗೆ ಎಷ್ಟು ಕಣ್ಣುಗಳಿವೆಯೆಂದು ಅಡ್ಡಕ್ಕೂ ಉದ್ದಕ್ಕೂ ಎಣಿಸಿದೆ. ಒಳ್ಳೆಯ ಪರದೆಗೆ ಒಂದು ಚದರ ಇಂಚಿನಲ್ಲಿ 156 ಕಣ್ಣುಗಳಿರಬೇಕೆಂಬುದು ಎಲ್ಲ ಕಡೆ ಒಪ್ಪಿದ ಅಳತೆ. ಅದಕ್ಕಿಂತ ಬಹಳ ಸಣ್ಣ ಕಣ್ಣಿನದನ್ನು ಕೊಂಡರೆ ಗಾಳಿ ನಿಂತುಹೋಗುತ್ತದೆ. ಬಣ್ಣ ಕಪ್ಪೇ ಇರಲಿ ಎಂದೆ; ಬಿಳಿ ಪರದೆ ಬೆಳಕಿಗೆ ಹೊಳೆದು ಕಣ್ಣಿಗೆ ಅಡ್ಡ ಬರುತ್ತದೆ, ಕಪ್ಪಿನ ಮೂಲಕ ಹೊರಗಿನದು ಸ್ಪಷ್ಟವಾಗಿ ಕಾಣುತ್ತದೆ.

ನನ್ನ ಜೋಲಿಯ ಉದ್ದ 3.3 ಮೀಟರ್. ಮೊದಲು ಜೋಲಿಯ ಎರಡು ತುದಿಗಳ ನಡುವೆ 2.75 ಮೀಟರಿನ ಗಟ್ಟಿ ದಾರವೊಂದನ್ನು ಕಟ್ಟಿದೆ. ಜೋಲಿಯ ಉದ್ದದ ನೂರಕ್ಕೆ 83ರಷ್ಟು ಈ ದಾರವಿದ್ದರೆ, ಮರಗಳ ನಡುವಿನ ಅಂತರ ಹೇಗೇ ಇರಲಿ, ಜೋಲಿಯ ಬಾಗು ಒಂದೇ ರೀತಿ ಬರುತ್ತದೆ, ಪರದೆ ತೂಗುಹಾಕಲೂ ಆಧಾರವಾಗುತ್ತದೆ. ಆಮೇಲೆ 1.6 ಮೀಟರ್ ಅಗಲ, 3.6 ಮೀಟರ್ ಉದ್ದದ ಎರಡು ತುಂಡುಗಳನ್ನು ಉದ್ದುದ್ದಕ್ಕೆ ಜೋಡಿಸಿ ಕೊಳವೆಯಂತೆ ಹೊಲಿಸಿದೆ. ಎರಡೂ ತುದಿಗಳಲ್ಲಿ ಲಂಗದ ನೇಫಾದಂತೆ ಮಡಿಕೆ ಹೊಲಿದು ಲಾಡಿ ಪೋಣಿಸಲಾಯಿತು. ಕೆಳಗೆ ಬರುವ ಹೊಲಿಗೆಯ ನಡುವೆ ಒಂದು ಮೀಟರಿನಷ್ಟು ಜಾಗ ಬಿಟ್ಟು ಜಿಪ್ ಹಾಕಿಸಿದೆ. ಕೊಳವೆಯೊಳಗೆ ಜೋಲಿಯನ್ನು ತೂರಿಸಿ, ತುದಿಗಳ ಲಾಡಿ ಬಿಗಿದು, ನಡುವಿನ ದಾರಕ್ಕೆ ಪರದೆಯನ್ನು ಮೂರು ಕಡೆ ಸಿಕ್ಕಿಸಿದರೆ ಬೆನ್ನಿಗೂ ಪರದೆಗೂ ನಡುವೆ ಒಂದು ಗೇಣಿನಷ್ಟು ಅಂತರ ಉಳಿಯುತ್ತದೆ. ಆ ಅಂತರವೇ ಇಡೀ ಕೆಲಸದ ಸಾರ. ಪರದೆ ಮೈಗೆ ತಾಗಿದರೆ ಅದು ಇದ್ದೂ ಇಲ್ಲದಂತೆಯೇ. ಮೊದಲ ಸಲ ದರ್ಜಿಯವರು ಬಟ್ಟೆ ಉಳಿಸಲೆಂದು ಅಗಲ ಕಡಿಮೆ ಮಾಡಿದ್ದರಿಂದ ಪರದೆ ಸೊಂಟದ ಕೆಳಗೆ ಅಂಟಿಕೊಂಡು, ಅಷ್ಟು ಜಾಗದಲ್ಲಿ ಮಾತ್ರ ಕಡಿತ ಬಿದ್ದವು. ಬಿಚ್ಚಿ ಮತ್ತೆ ಹೊಲಿಸಬೇಕಾಯಿತು.

ಹತ್ತಿಗೆ ಹೊಡೆಯುವ ಔಷಧವನ್ನು ನೀರಿಗೆ ಬೆರೆಸಿ ಜೋಲಿಯನ್ನು ಅದರಲ್ಲಿ ಅದ್ದಿ ಒಣಗಿಸಿದರೆ ಸೊಳ್ಳೆ ಹತ್ತಿರವೂ ಬರುವುದಿಲ್ಲವೆಂದು ಪಕ್ಕದ ಹೊಲದವರು ಒಮ್ಮೆ ಸಲಹೆ ಕೊಟ್ಟರು. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಬಟ್ಟೆಗೆಂದೇ ತಯಾರಾದ ಪರ್ಮೆಥ್ರಿನ್ ದ್ರಾವಣ ಬೇರೆ, ಅದರ ಪ್ರಮಾಣ ಸೇಕಡಾ ಅರ್ಧದಷ್ಟು ಮಾತ್ರ, ಅದನ್ನೂ ಪೂರ್ತಿ ಒಣಗಿದ ಮೇಲಷ್ಟೇ ಮುಟ್ಟಬೇಕು. ಬೆಳೆಯ ಕೀಟನಾಶಕ ರಾತ್ರಿಯಿಡೀ ಬೆವರುವ ಚರ್ಮಕ್ಕೆ ತಾಗುವುದು ಜೀವಕ್ಕೇ ಕುತ್ತು. ಬೇವಿನ ಸೊಪ್ಪಿನ ಹೊಗೆಯನ್ನೂ ನಾನು ಹಾಕುವುದಿಲ್ಲ. ಒಣಗಿದ ಹೊಲದಲ್ಲಿ ಕಿಡಿ ಹಾರುವ ಭಯ ಒಂದು ಕಡೆಯಾದರೆ, ಎತ್ತರದ ಕೊಂಬೆಯಲ್ಲಿ ಹೆಜ್ಜೇನು ಇದ್ದರೆ ಹೊಗೆಗೆ ಕೆರಳುತ್ತದೆಂಬುದು ಇನ್ನೊಂದು. ಜೋಲಿ ಕಟ್ಟುವ ಮೊದಲು ತಲೆಯೆತ್ತಿ ಪ್ರತಿ ಕೊಂಬೆಯನ್ನೂ ನೋಡುವುದು ನನಗೆ ರೂಢಿಯಾಗಿದೆ; ಜೇನಿಗಾಗಿ ಮಾತ್ರವಲ್ಲ, ಒಣಗಿದ ಕೊಂಬೆಗಳಿಗಾಗಿಯೂ.

ಹಾರುವ ಹುಳುಗಳಿಗೆ ಪರದೆ ಸಾಕು, ಹರಿಯುವವಕ್ಕೆ ಸಾಲದು. ಇರುವೆಗಳು ಮರದಿಂದ ಪಟ್ಟಿಯ ಮೇಲೆ ಸಾಲುಗಟ್ಟಿ ಬಂದು ಲಾಡಿಯ ಸಂದಿಯಿಂದ ಒಳಗಿಳಿಯುತ್ತವೆ. ಎರಡೂ ಪಟ್ಟಿಗಳಿಗೆ, ಜೋಲಿಯ ಬಟ್ಟೆಯಿಂದ ಒಂದು ಮೊಳ ದೂರದಲ್ಲಿ, ಬೇವಿನ ಎಣ್ಣೆಯಲ್ಲಿ ನೆನೆಸಿದ ಚಿಂದಿ ಸುತ್ತಿದ ಮೇಲೆ ಆ ಕಾಟ ಬಹಳ ಕಡಿಮೆಯಾಯಿತು. ಚಪ್ಪಲಿಯನ್ನು ನೆಲದ ಮೇಲೆ ಬಿಡದೆ ಪಟ್ಟಿಗೇ ತೂಗುಹಾಕುತ್ತೇನೆ, ಬೆಳಗ್ಗೆ ಚೇಳಿದೆಯೇ ಎಂದು ಝಾಡಿಸಿಯೇ ಕಾಲಿಡುತ್ತೇನೆ. ರಾತ್ರಿ ಸಂಚರಿಸುವ ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುವುದುಂಟು, ಕಡಿತದ ನೋವೂ ಗೊತ್ತಾಗುವುದಿಲ್ಲ; ನೆಲ ಬಿಟ್ಟು, ಪರದೆಯೊಳಗೆ ಮಲಗುವುದರ ದೊಡ್ಡ ಲಾಭ ನನ್ನ ದೃಷ್ಟಿಯಲ್ಲಿ ಇದೇ. ರಾತ್ರಿ ಇಳಿಯಬೇಕಾದರೆ ಕೆಂಪು ಬೆಳಕಿನ ಬ್ಯಾಟರಿಯಿಂದ ನೆಲ ನೋಡಿಕೊಂಡೇ ಇಳಿಯುತ್ತೇನೆ. ಬಿಳಿ ಬೆಳಕಿಗೆ ಮುತ್ತುವಷ್ಟು ಹುಳುಗಳು ಕೆಂಪಿಗೆ ಬರುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಗಾಳಿ ಒಣಗಿರುವುದರಿಂದ ನೀರು ಬೇಗ ಆರುತ್ತದೆ, ಆರುವಾಗ ಶಾಖವನ್ನು ಎಳೆದುಕೊಳ್ಳುತ್ತದೆ. ಹೊತ್ತು ಮುಳುಗುವ ಮುನ್ನ ಜೋಲಿಯ ಕೆಳಗಿನ ನೆಲಕ್ಕೆ ಎರಡು ಕೊಡ ನೀರು ಚಿಮುಕಿಸುತ್ತೇನೆ. ಕತ್ತಲಾಗುವ ಹೊತ್ತಿಗೆ ನೆಲ ಒಣಗಿ, ಕರಿಮಣ್ಣಿನ ಕಾವು ಇಳಿದಿರುತ್ತದೆ. ಮಲಗುವಾಗ ಹಿಂಡಿದ ಒದ್ದೆ ಟವೆಲನ್ನು ಎದೆಯ ಮೇಲೆ ಹರಡಿಕೊಂಡರೆ, ಅದು ಒಣಗುವ ಮೊದಲೇ ನಿದ್ದೆ ಹತ್ತಿರುತ್ತದೆ. ಇದೇ ಉಪಾಯ ಶಹಾಪುರದ ಗದ್ದೆಯ ಬದಿಯಲ್ಲಿ ಕೆಲಸಕ್ಕೆ ಬಾರದಿದ್ದದ್ದು ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರಿಂದ. ಸಂಜೆಯ ಊಟಕ್ಕೆ ಜೋಳದ ಅಂಬಲಿ, ಮಜ್ಜಿಗೆ; ತಲೆಯ ಬಳಿ ಪರದೆಯೊಳಗೇ ಒಂದು ನೀರಿನ ಬಾಟಲಿ. ಬೀದರ್ ಕಡೆಗೆ ಹೋದಾಗ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಬೀದರ್ ಕಲಬುರಗಿಗಿಂತ ಇನ್ನೂರು ಮೀಟರಿನಷ್ಟು ಎತ್ತರದಲ್ಲಿದೆ. ಏಪ್ರಿಲ್ ತಿಂಗಳಲ್ಲೂ ಅಲ್ಲಿ ನಸುಕಿನ ಮೂರು ಗಂಟೆಯ ಹೊತ್ತಿಗೆ ಬೆನ್ನು ತಣ್ಣಗಾಗಿ ಎಚ್ಚರವಾದದ್ದರಿಂದ, ಈಗ ಅವ್ವ ಹೊಲಿದ ತೆಳುವಾದ ಕೌದಿಯೊಂದನ್ನು ಕಾಲಿನ ಕಡೆ ಮಡಚಿಟ್ಟುಕೊಳ್ಳುತ್ತೇನೆ.

ಮೇ ಕೊನೆಯಲ್ಲಿ, ರೋಹಿಣಿ ಮಳೆಯ ದಿನಗಳಲ್ಲಿ, ನಾನು ಮರಗಳ ನಡುವೆ ಮಲಗುವುದನ್ನೇ ಬಿಟ್ಟಿದ್ದೇನೆ. ಮೂರು ವರ್ಷಗಳ ಹಿಂದೆ ಅಂಥದೊಂದು ರಾತ್ರಿ ಪಡುವಣದಲ್ಲಿ ಮಿಂಚು ಕಂಡಿತು. ದೂರವಿದೆಯೆಂದು ಮಲಗಿಯೇ ಇದ್ದೆ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನ ಲೆಕ್ಕ. ಮೊದಲ ಸಲ ಎಣಿಸಿದಾಗ ಇಪ್ಪತ್ತನಾಲ್ಕು, ಎರಡನೆಯ ಸಲ ಒಂಬತ್ತು. ಅಷ್ಟರಲ್ಲಿ ದೊಡ್ಡಪ್ಪ ಮನೆಯ ಬಾಗಿಲಲ್ಲಿ ಕಂದೀಲು ಹಿಡಿದು ಕೂಗುತ್ತಿದ್ದರು: "ಎಲ್ಲಾ ಅಲ್ಲೇ ಬಿಟ್ಟು ಬಾರೋ!" ಜಿಪ್ ಎಳೆದು, ಜೋಲಿಯನ್ನು ಹಾಗೇ ಬಿಟ್ಟು ಓಡಿದೆ. ಮೂವತ್ತು ಸೆಕೆಂಡಿಗಿಂತ ಕಡಿಮೆ ಎಣಿಕೆ ಬಂದರೆ ಒಳಗೆ ಹೋಗಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬಾರದು ಎಂಬ ನಿಯಮ ನನಗೆ ಗೊತ್ತಿತ್ತು, ಗೊತ್ತಿದ್ದೂ ಮಲಗಿದ್ದೆ. ಆ ರಾತ್ರಿ ಸಿಡಿಲು ನಮ್ಮ ಬದುವಿನ ಮೇಲೆ ಬೀಳಲಿಲ್ಲ. ಈಗ ಪರದೆಯ ಜಿಪ್ ತಲೆಯ ಕಡೆಯಿಂದಲೇ ತೆರೆಯುವಂತೆ ತಿರುಗಿಸಿ ಹೊಲಿಸಿದ್ದೇನೆ, ಕತ್ತಲಲ್ಲೂ ಕೈಗೆ ಸಿಗಲೆಂದು ಅದರ ತುದಿಗೆ ಬಿಳಿ ಲಾಡಿಯ ತುಂಡೊಂದನ್ನು ಕಟ್ಟಿದ್ದೇನೆ.