ವಿಚ್ಛೇದನದ ನಂತರ ಮನೆ ಯಾರಿಗೆ, ಜೀವನಾಂಶ ಎಷ್ಟು?

ವಿಚ್ಛೇದನವಾದರೆ ಗಂಡನ ಮನೆಯಲ್ಲಿ ಅರ್ಧ ಪಾಲನ್ನು ಕಾನೂನೇ ಕೊಡಿಸುತ್ತದೆ ಎಂದು ನಂಬಿದವರು ನಮ್ಮ ಭಾಗದಲ್ಲಿ ಬಹಳ ಮಂದಿ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾ ಸೇರಿದರೆ ಅದು ಬಹುಮಟ್ಟಿಗೆ ನಿಜ. ಮದುವೆಗೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ ಅಲ್ಲಿನ ಸಿವಿಲ್ ಸಂಹಿತೆಯ ಪ್ರಕಾರ ಆಸ್ತಿ ಇಬ್ಬರದೂ ಆಗಿರುತ್ತದೆ. ಘಾಟಿನ ಈಚೆ ಅಂಥ ಕಾನೂನಿಲ್ಲ. ಇಲ್ಲಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಮನೆ ಅವರದು. ಹೆಂಡತಿಗೆ ಇರುವ ದಾರಿ ಜೀವನಾಂಶ, ವಾಸದ ಹಕ್ಕು ಮತ್ತು ತನ್ನ ಸ್ವಂತ ಸ್ವತ್ತು. ಈ ಮೂರನ್ನೂ ಬೇರೆ ಬೇರೆಯಾಗಿಯೇ ಕೇಳಬೇಕು.

ಮೊದಲು ಉತಾರ ತೆಗೆಸಿ

ಪಟ್ಟಣದ ಮನೆಯಾದರೆ ಸಿಟಿ ಸರ್ವೆ ಉತಾರ (ಒಡೆತನ ತೋರಿಸುವ ದಾಖಲೆ), ಹಳ್ಳಿಯದಾದರೆ ಪಂಚಾಯಿತಿಯ ಇ-ಸ್ವತ್ತು ದಾಖಲೆ, ಜೊತೆಗೆ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಿಂದ ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಮಾರಾಟಗಳ ವಿವರ) ತೆಗೆದುಕೊಳ್ಳಿ. ಬಾಗಲಕೋಟೆಯ ನವನಗರದಲ್ಲಿ ಮುಳುಗಡೆ ಸಂತ್ರಸ್ತರಿಗೆ ಸಿಕ್ಕ ನಿವೇಶನವಾದರೆ ಹಕ್ಕುಪತ್ರದಲ್ಲಿ ಯಾರ ಹೆಸರಿದೆ ಎಂದು ನೋಡಿ.

ಮನೆ ನಿಮ್ಮ ಹೆಸರಿನಲ್ಲಿದ್ದರೆ ಅದು ನಿಮ್ಮದೇ. ಜಂಟಿಯಾಗಿದ್ದರೆ ಖರೀದಿ ಪತ್ರದಲ್ಲಿರುವ ಪಾಲು ಸಿಗುತ್ತದೆ. ಆದರೆ ಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದರೆ, ಕಂತು ಗಂಡನೇ ಕಟ್ಟಬೇಕೆಂದು ನೀವಿಬ್ಬರು ಒಪ್ಪಿಕೊಂಡರೂ ಬ್ಯಾಂಕಿಗೆ ಅದು ಸಂಬಂಧವಿಲ್ಲ. ಬ್ಯಾಂಕ್ ಲಿಖಿತವಾಗಿ ಬಿಡುಗಡೆ ಮಾಡುವವರೆಗೆ ನೀವೂ ಸಾಲಗಾರರೇ.

ಮನೆ ಗಂಡನ ಹೆಸರಿನಲ್ಲಿದ್ದು, ಸ್ಲ್ಯಾಬ್ ಹಾಕುವಾಗ ನಿಮ್ಮ ಬಂಗಾರ ಒತ್ತೆ ಹೋಗಿತ್ತೇ? ಪತ್ತಿನ ಸಹಕಾರ ಸಂಘದ ಒತ್ತೆ ರಸೀದಿ, ತವರಿನಿಂದ ಬಂದ ಹಣದ ಪಾಸ್‌ಬುಕ್ ನಮೂದು ಹುಡುಕಿ ತೆಗೆಯಿರಿ. ಅದರಿಂದ ಮನೆಯ ಒಡೆತನ ತಾನಾಗಿ ಬದಲಾಗುವುದಿಲ್ಲ, ಆದರೆ ಪ್ರಕರಣದ ಕೊನೆಗೆ ಕೊಡಿಸುವ ಶಾಶ್ವತ ಜೀವನಾಂಶದ ಮೊತ್ತ ನಿಗದಿಯಾಗುವಾಗ ಅದಕ್ಕೆ ತೂಕವಿದೆ. ತವರಿನವರು ಕೊಟ್ಟ ಒಡವೆ, ಪಾತ್ರೆ, ಹಣ ಸ್ತ್ರೀಧನ. ಅದು ಪೂರ್ತಿಯಾಗಿ ಹೆಂಡತಿಯದೇ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಪಟ್ಟಿ ಮಾಡಿ ವಾಪಸ್ ಕೇಳಿ.

ಮನೆ ಮಾವನವರ ಹೆಸರಿನಲ್ಲಿದ್ದರೂ ಕೈಚೆಲ್ಲಬೇಡಿ. ಸೊಸೆ ಬಾಳಿದ ಮನೆ ಅತ್ತೆ-ಮಾವನ ಒಡೆತನದ್ದಾದರೂ ಅಲ್ಲಿ ವಾಸದ ಹಕ್ಕು ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಅದೇ ಮನೆಯಲ್ಲಿ ಇರಲು ಅಥವಾ ಬಾಡಿಗೆ ಮನೆ ಕೊಡಿಸಲು ಆದೇಶಿಸಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ, ದೂರನ್ನು ಅವರಲ್ಲೂ ಕೊಡಬಹುದು. ವಿಚ್ಛೇದನದ ಆದೇಶ ಬಂದ ಮೇಲೆ ಈ ಹಕ್ಕನ್ನು ಉಳಿಸಿಕೊಳ್ಳುವುದು ಕಷ್ಟ, ಆದ್ದರಿಂದ ಮೊದಲೇ ಕೇಳಿ.

ಆದಾಯ ತೋರಿಸುವುದೇ ದೊಡ್ಡ ಕೆಲಸ

ಪ್ರಕರಣ ನಡೆಯುತ್ತಿರುವಾಗಲೇ ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ಮಧ್ಯಂತರ ಜೀವನಾಂಶ ಮತ್ತು ಪ್ರಕರಣದ ಖರ್ಚು ಕೇಳಬಹುದು. ನೋಟಿಸ್ ಮುಟ್ಟಿದ 60 ದಿನಗಳಲ್ಲಿ ಅದನ್ನು ಇತ್ಯರ್ಥ ಮಾಡಲು ನೋಡಬೇಕೆಂದು ಕಾನೂನು ಹೇಳುತ್ತದೆ. 2020ರ ರಜನೀಶ್-ನೇಹಾ ಪ್ರಕರಣದ ನಂತರ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಸಲ್ಲಿಸಲೇಬೇಕು. ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ. ಇಂದು ನಾಳೆ ಎಂದು ತಡಮಾಡಿದಷ್ಟೂ ನಷ್ಟ ನಿಮಗೇ.

ಗಂಡ ನೌಕರನಾದರೆ ವೇತನ ಚೀಟಿ ಇರುತ್ತದೆ. 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿವ್ವಳ ಸಂಬಳದ ಶೇಕಡಾ 25ರಷ್ಟು ನ್ಯಾಯವೆಂದಿತು. ಅದು ಒಂದು ಅಂದಾಜಷ್ಟೇ, ಕಟ್ಟುನಿಟ್ಟಿನ ನಿಯಮವಲ್ಲ. ಕಷ್ಟವಿರುವುದು ಹೊಲ, ಮಗ್ಗ, ಅಂಗಡಿಯ ಆದಾಯದಲ್ಲಿ. ‘ನನಗೇನೂ ಉಳಿಯುವುದಿಲ್ಲ’ ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಆಗ ಕಬ್ಬಿನ ತೂಕದ ಚೀಟಿ, ಬಿಲ್ ಜಮೆಯಾದ ಬ್ಯಾಂಕ್ ಖಾತೆ, ವಿಜಯಪುರದ ಶೀತಲಗೃಹದಲ್ಲಿ ಒಣದ್ರಾಕ್ಷಿ ಇಟ್ಟ ರಸೀದಿ, ಬನಹಟ್ಟಿಯ ವಿದ್ಯುತ್ ಮಗ್ಗದ ಮೀಟರ್ ಬಿಲ್ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತವೆ. ಅವು ನಿಮ್ಮ ಕೈಯಲ್ಲಿಲ್ಲದಿದ್ದರೆ ಕಾರ್ಖಾನೆಯಿಂದ, ಬ್ಯಾಂಕಿನಿಂದ ತರಿಸಿಕೊಡುವಂತೆ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಸರ್ವೆ ನಂಬರ್, ಖಾತೆ ಇರುವ ಶಾಖೆ, ಕಾರ್ಖಾನೆಯ ಹೆಸರು ಅರ್ಜಿಯಲ್ಲಿ ಸ್ಪಷ್ಟವಾಗಿರಲಿ. ನಿಮ್ಮ ಖರ್ಚನ್ನೂ ಹಾಗೆಯೇ ಬಿಡಿಸಿ ಬರೆಯಿರಿ: ಬಾಡಿಗೆ, ಔಷಧ, ಮಕ್ಕಳ ಶಾಲೆಯ ಶುಲ್ಕ.

ಹಿರಿಯರ ಕಾಗದ ಸಾಲದು

ಹಿರಿಯರು ಕೂಡಿ ಬಾಂಡ್ ಪೇಪರಿನಲ್ಲಿ ಬರೆಸುವ ಸೋಡಚೀಟಿಗೆ (ಮದುವೆ ಬಿಡುಗಡೆಯ ಕಾಗದಕ್ಕೆ), ಸಮುದಾಯದಲ್ಲಿ ಅಂಥ ರೂಢಿಯಿದೆಯೆಂದು ಸಾಬೀತಾಗದ ಹೊರತು, ಹಿಂದೂ ವಿವಾಹದಲ್ಲಿ ಬೆಲೆಯಿಲ್ಲ. ‘ಎಲ್ಲ ಮುಟ್ಟಿತು’ ಎಂಬ ಸಾಲಿನ ಕೆಳಗೆ ಹೆಣ್ಣುಮಕ್ಕಳಿಂದ ಸಹಿ ಹಾಕಿಸುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಸಹಿ ಹಾಕಬೇಡಿ.

ಪರಸ್ಪರ ಒಪ್ಪಿಗೆಯ ವಿಚ್ಛೇದನವಾದರೆ ಕರಾರಿನ ಒಂದೊಂದು ಸಾಲನ್ನೂ ಓದಿಸಿ ಕೇಳಿ. ‘ಮನೆ ಬಿಟ್ಟುಕೊಡುತ್ತೇನೆ’ ಎಂದರೆ ಸಾಲದು. ಸಿಟಿ ಸರ್ವೆ ನಂಬರ್, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ), ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಾಯಿಸುವ ದಿನಾಂಕ, ಮುದ್ರಾಂಕ ಶುಲ್ಕ ಯಾರು ಕಟ್ಟಬೇಕೆಂಬುದು ಇರಬೇಕು. ಇಡಿಗಂಟಿನ ಹಣವಾದರೆ ಕೊನೆಯ ಕಂತು, ಇಬ್ಬರೂ ಒಪ್ಪಿಗೆಯನ್ನು ಮತ್ತೊಮ್ಮೆ ಖಚಿತಪಡಿಸುವ ಎರಡನೇ ಹೇಳಿಕೆಯ ದಿನ ನ್ಯಾಯಾಲಯದಲ್ಲೇ ಡಿ.ಡಿ. ರೂಪದಲ್ಲಿ ಕೈಸೇರುವಂತೆ ಬರೆಸಿ. ತಿಂಗಳ ಹಣವಾದರೆ ವರ್ಷಕ್ಕೆ ಎಷ್ಟು ಏರಬೇಕೆಂಬುದೂ ಇರಲಿ. ತಾಯಿ ತನ್ನ ಜೀವನಾಂಶ ಬೇಡವೆಂದರೂ ಮಕ್ಕಳ ಹಕ್ಕು ಹೋಗುವುದಿಲ್ಲ. ಒಪ್ಪಿಗೆಯ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲ ಎಂಬುದು ಸಹಿಗೆ ಮೊದಲು ತಿಳಿದಿರಬೇಕು. ಕೌಟುಂಬಿಕ ನ್ಯಾಯಾಲಯದ ಉಳಿದ ಆದೇಶಗಳ ವಿರುದ್ಧ ಬೆಳಗಾವಿ, ಬಾಗಲಕೋಟೆಯವರು ಹೈಕೋರ್ಟಿನ ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು.

ಹಣ ನಿಂತರೆ

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಆದೇಶವಾಗಿದ್ದರೆ ಬಾಕಿಯಾದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಿ. ಕೊಡದವರಿಗೆ ಜೈಲಿನ ಆದೇಶವೂ ಆಗಬಹುದು. ಮರುಮದುವೆಯಾಗದ ವಿಚ್ಛೇದಿತೆಯೂ ಈ ಕಲಮಿನಡಿ ಕೇಳಬಹುದು. ಇದಕ್ಕೆ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಮುಸ್ಲಿಂ ಮಹಿಳೆಯರಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಸ್ಪಷ್ಟಪಡಿಸಿದೆ.

ವಕೀಲರ ಶುಲ್ಕಕ್ಕೆ ಹೆದರಿ ಹಿಂದೆ ಸರಿಯಬೇಡಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.