ಕೌಂಟರ್ ತುಂಬುವ ತನಕ ಕಾಯಬೇಡಿ: ನೆಟ್‌ವರ್ಕ್ ಡ್ರೈವರ್ ಓವರ್‌ಫ್ಲೋ ಪರೀಕ್ಷೆ, ನನ್ನ ಅನುಭವ

ಬಂದುಹೋದ ಬೈಟ್, ಪ್ಯಾಕೆಟ್ ಎಣಿಸುವ ಟ್ರಾಫಿಕ್ ಕೌಂಟರ್ ಓವರ್‌ಫ್ಲೋ ಆಗುವಾಗ, ಅಂದರೆ ತುಂಬಿ ಸುತ್ತು ಹೊಡೆದು ಮತ್ತೆ ಸೊನ್ನೆಗೆ ಬರುವಾಗ, ಡ್ರೈವರ್ (ನೆಟ್‌ವರ್ಕ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಸರಿಯಾಗಿ ಲೆಕ್ಕ ಇಡುತ್ತದೆಯೇ ಎಂದು ನೋಡಲು ಗಂಟೆಗಟ್ಟಲೆ ಟ್ರಾಫಿಕ್ ಸುರಿಯಬೇಕಾಗಿಲ್ಲ. ಕೌಂಟರನ್ನೇ ಅಂಚಿನ ಹತ್ತಿರ ತಂದು ನಿಲ್ಲಿಸಿ, ಆಮೇಲೆ ಒಂದಿಷ್ಟು ಪ್ಯಾಕೆಟ್ ಕಳಿಸಿದರೆ ಸಾಕು. ನಾನು ಇದನ್ನು ಮೊದಲು ಹೇಳಿದಾಗ ತಂಡದಲ್ಲಿ ಯಾರೂ ಒಪ್ಪಲಿಲ್ಲ. "ನೀವು ಪರೀಕ್ಷೆ ಮಾಡುವುದು ಡ್ರೈವರನ್ನಲ್ಲ, ನೀವೇ ಸೇರಿಸಿದ ಸಂಖ್ಯೆಯನ್ನು" ಎಂದರು. ಈಗ ಅದೇ ಪರೀಕ್ಷೆ ನಮ್ಮಲ್ಲಿ ಪ್ರತಿ ರಾತ್ರಿ ಓಡುತ್ತದೆ. ಅದು ಪಾಸಾಗದಿದ್ದರೆ ಕೋಡ್ ಒಳಗೆ ಹೋಗುವುದಿಲ್ಲ. ಹೇಗೆ ಮಾಡಿದೆ ಎಂದು ಕೇಳಿದವರಿಗಾಗಿ ಬರೆಯುತ್ತಿದ್ದೇನೆ.

ಶುರುವಾಗಿದ್ದು ದುಡ್ಡಿನ ಜಗಳದಿಂದ. ನಮ್ಮ ಡ್ರೈವರ್ ಇದ್ದ ಪೆಟ್ಟಿಗೆಗಳನ್ನು ಒಬ್ಬ ಗ್ರಾಹಕರು ಹಾಕಿಕೊಂಡಿದ್ದರು. ಅವರು ತಮ್ಮ ಬಳಕೆದಾರರಿಗೆ ಟ್ರಾಫಿಕ್ ಲೆಕ್ಕದ ಮೇಲೆ ಬಿಲ್ ಹಾಕುವವರು. ಗಿಗಾಬಿಟ್ ಲಿಂಕಿನ ಗ್ರಾಫ್ ಏನು ಮಾಡಿದರೂ 114 ಮೆಗಾಬಿಟ್ ದಾಟುತ್ತಿರಲಿಲ್ಲ. ಅನುಭವ ಇದ್ದವರಿಗೆ ಈ 114 ನೋಡಿದ ತಕ್ಷಣ ಗೊತ್ತಾಗುತ್ತದೆ. 5 ನಿಮಿಷಕ್ಕೊಮ್ಮೆ 32 ಬಿಟ್ ಬೈಟ್ ಕೌಂಟರ್ ಓದಿದರೆ ಕಾಣಿಸಬಹುದಾದ ಗರಿಷ್ಠ ವೇಗವೇ ಅಷ್ಟು. ಆ 5 ನಿಮಿಷದಲ್ಲಿ ಕೌಂಟರ್ ಎಂಟು ಸಲ ಸುತ್ತು ಹೊಡೆದಿದ್ದರೂ ಓದುವವನಿಗೆ ತಿಳಿಯುವುದಿಲ್ಲ. 20 ಮೆಗಾಬಿಟ್‌ಗಿಂತ ವೇಗದ ಇಂಟರ್‌ಫೇಸ್‌ಗೆ (ನೆಟ್‌ವರ್ಕ್ ಪೋರ್ಟ್‌ಗೆ) 64 ಬಿಟ್ ಬೈಟ್ ಕೌಂಟರ್ ಇರಬೇಕು, 650 ಮೆಗಾಬಿಟ್‌ನಿಂದ ಮೇಲಕ್ಕೆ ಪ್ಯಾಕೆಟ್ ಕೌಂಟರ್ ಕೂಡ 64 ಬಿಟ್ ಇರಬೇಕು ಎಂದು ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 2863 ಹೇಳಿದ್ದು 2000ದಲ್ಲೇ. ಆದರೂ ಹಳೆಯ ಕೌಂಟರನ್ನೇ ಓದುವ ಸಾಫ್ಟ್‌ವೇರ್ ಇನ್ನೂ ಬೇಕಾದಷ್ಟಿದೆ.

ಅದನ್ನು 64 ಬಿಟ್‌ಗೆ ಬದಲಾಯಿಸಿದೆವು. ಚಿಪ್ಪಿನ ಕೌಂಟರ್ ಮಾತ್ರ 32 ಬಿಟ್ಟಿನದೇ; ಡ್ರೈವರ್ ಅದನ್ನು ಆಗಾಗ ಓದಿ, ಹೊಸದರಲ್ಲಿ ಹಳೆಯದನ್ನು ಕಳೆದು ತನ್ನ 64 ಬಿಟ್ ಲೆಕ್ಕಕ್ಕೆ ಕೂಡಿಸುತ್ತದೆ. ಗ್ರಾಫ್ ಮೇಲಕ್ಕೆ ಹೋಯಿತು, ಜಗಳ ಮಾತ್ರ ನಿಲ್ಲಲಿಲ್ಲ. ಆಗಾಗ ಒಂದೊಂದು ಇಂಟರ್‌ಫೇಸ್‌ನಲ್ಲಿ ಇದ್ದಕ್ಕಿದ್ದಂತೆ 4 ಜಿಬಿಯಷ್ಟು ಜಾಸ್ತಿ ಲೆಕ್ಕ ಬರುತ್ತಿತ್ತು, ಇನ್ನು ಕೆಲವು ಸಲ ಅಷ್ಟೇ ಕಮ್ಮಿ. 4 ಜಿಬಿ ಎಂದರೆ ಸುಮಾರು 429 ಕೋಟಿ ಬೈಟ್, ಎರಡರ 32ನೇ ಘಾತ. ತಪ್ಪು ಎಲ್ಲಿದೆ ಎಂದು ಸಂಖ್ಯೆಯೇ ಹೇಳುತ್ತಿತ್ತು, ಅಲ್ವಾ? ಲೆಕ್ಕ ಸರಿಯಾಗುವ ತನಕ ಕೊನೆಯ ಕಂತು ಕೊಡುವುದಿಲ್ಲ ಎಂದು ಗ್ರಾಹಕರು ಕೂತರು. ಅದು ಒಟ್ಟು ಮೊತ್ತದ ಸುಮಾರು ಕಾಲು ಭಾಗ.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಎರಡು ಮೆಷಿನ್ ನಡುವೆ ಐಪರ್ಫ್ (ಟ್ರಾಫಿಕ್ ಕಳಿಸಿ ವೇಗ ಅಳೆಯುವ ಪ್ರೋಗ್ರಾಂ) ಹಚ್ಚಿ ರಾತ್ರಿಯಿಡೀ ಬಿಟ್ಟೆವು. ಗಿಗಾಬಿಟ್‌ನಲ್ಲಿ 32 ಬಿಟ್ ಬೈಟ್ ಕೌಂಟರ್ ಸುಮಾರು 35 ಸೆಕೆಂಡಿಗೊಮ್ಮೆ ಸುತ್ತು ಹೊಡೆಯುತ್ತದೆ, ಬೆಳಗಾಗುವಷ್ಟರಲ್ಲಿ ಸಾವಿರದ ಹತ್ತಿರ ಸುತ್ತು. ಒಂದು ತಪ್ಪೂ ಸಿಗಲಿಲ್ಲ. ಆಮೇಲೆ 10 ಗಿಗಾಬಿಟ್ ಟ್ರಾಫಿಕ್ ಜನರೇಟರನ್ನು ಬಾಡಿಗೆಗೆ ತಂದೆವು. ಅದರ ಒಂದು ವಾರದ ಬಾಡಿಗೆ ಹೆಚ್ಚೂಕಮ್ಮಿ ನಮ್ಮ ಪರೀಕ್ಷಾ ಮೆಷಿನ್‌ಗಳ ಬೆಲೆಯಷ್ಟಿತ್ತು. ಅದರಿಂದ ಒಂದೇ ಒಂದು ಒಳ್ಳೆಯ ವಿಷಯ ತಿಳಿಯಿತು. 64 ಬೈಟಿನ ಫ್ರೇಮ್ ಪೂರ್ತಿ ವೇಗದಲ್ಲಿ ಬಂದರೆ ಸೆಕೆಂಡಿಗೆ 1 ಕೋಟಿ 48 ಲಕ್ಷ ಪ್ಯಾಕೆಟ್. ಆಗ 32 ಬಿಟ್ ಪ್ಯಾಕೆಟ್ ಕೌಂಟರ್ 4 ನಿಮಿಷ 48 ಸೆಕೆಂಡಿನ ಆಸುಪಾಸಿನಲ್ಲಿ ತುಂಬುತ್ತದೆ. ನೀವು 5 ನಿಮಿಷಕ್ಕೊಮ್ಮೆ ಓದುವವರಾದರೆ ನಿಮಗೆ ಕಾಣುವುದು ಕೊನೆಯ 11 ಸೆಕೆಂಡಿನ ಪ್ಯಾಕೆಟ್ ಮಾತ್ರ. ಲಿಂಕ್ ತುಂಬಿ ತುಳುಕುತ್ತಿರುತ್ತದೆ, ಗ್ರಾಫ್ ನೋಡಿದರೆ ಖಾಲಿ. ಆದರೆ ನಾವು ಹುಡುಕುತ್ತಿದ್ದ ತಪ್ಪು ಅಲ್ಲೂ ಸಿಗಲಿಲ್ಲ. ಬಾಡಿಗೆ ಹೋಯಿತು ಅಷ್ಟೇ.

ತೊಂದರೆ ಏನೆಂದರೆ, ಟ್ರಾಫಿಕ್ ಸುರಿದು ತುಂಬಿಸಬಹುದಾದದ್ದು 32 ಬಿಟ್ಟಿನ ಬೈಟ್, ಪ್ಯಾಕೆಟ್ ಕೌಂಟರ್ ಮಾತ್ರ. ಸಿಆರ್‌ಸಿ ತಪ್ಪು (ಕೆಟ್ಟು ಬಂದ ಪ್ಯಾಕೆಟ್), ಡ್ರಾಪ್ (ಬಿಟ್ಟುಹೋದ ಪ್ಯಾಕೆಟ್), ಮಲ್ಟಿಕಾಸ್ಟ್ (ಒಟ್ಟಿಗೆ ಹಲವರಿಗೆ ಕಳಿಸಿದ ಪ್ಯಾಕೆಟ್), ಇವೆಲ್ಲ ಯಾವ ಕಾಲಕ್ಕೆ 200 ಕೋಟಿ ಮುಟ್ಟುತ್ತವೆ? 64 ಬಿಟ್ ಬೈಟ್ ಕೌಂಟರನ್ನು 10 ಗಿಗಾಬಿಟ್‌ನಲ್ಲಿ ತುಂಬಿಸಲು 460 ವರ್ಷ ದಾಟುತ್ತದೆ. ಹಾಗಾದರೆ ಆ ಕೋಡನ್ನು ಯಾರೂ ಯಾವತ್ತೂ ಪರೀಕ್ಷೆ ಮಾಡುವುದೇ ಇಲ್ಲ.

ದಾರಿ ಕೊಟ್ಟಿದ್ದು ಲಿನಕ್ಸ್ ಕರ್ನಲ್‌ನ ಜಿಫೀಸ್, ಅಂದರೆ ಸಮಯ ಎಣಿಸುವ ಅದರ ಕೌಂಟರ್. ಅದು ಸೊನ್ನೆಯಿಂದ ಶುರುವಾಗುವುದಿಲ್ಲ. ಬೂಟ್ ಆಗಿ 5 ನಿಮಿಷಕ್ಕೆ 32 ಬಿಟ್ ಸುತ್ತು ಬರುವ ಹಾಗೆ ಬೇಕೆಂದೇ ಶುರುವಿನ ಬೆಲೆ ಇಟ್ಟಿದ್ದಾರೆ. ಸುತ್ತನ್ನು ಸರಿಯಾಗಿ ನೋಡಿಕೊಳ್ಳದ ಡ್ರೈವರ್ ತಿಂಗಳುಗಟ್ಟಲೆ ಕಾಯಿಸದೆ 5 ನಿಮಿಷಕ್ಕೇ ಸಿಕ್ಕಿಬೀಳಲಿ ಅಂತ. ಟೈಮರ್‌ಗೆ ನಡೆಯುವುದು ಟ್ರಾಫಿಕ್ ಕೌಂಟರ್‌ಗೆ ಯಾಕೆ ನಡೆಯಬಾರದು?

ಚಿಪ್ಪಿನ ಕೌಂಟರ್ ರಿಜಿಸ್ಟರ್‌ಗೆ (ಸಂಖ್ಯೆ ಇರುವ ಜಾಗಕ್ಕೆ) ಬರೆಯಲು ಆಗುವುದಿಲ್ಲ, ಓದಲಷ್ಟೇ ಸಾಧ್ಯ. ತಂಡದವರ ಮೊದಲ ಆಕ್ಷೇಪ ಅದೇ. ಆದರೆ ಬರೆಯುವ ಅಗತ್ಯವೇ ಇಲ್ಲ. ಡ್ರೈವರ್ ರಿಜಿಸ್ಟರ್ ಓದುವ ಫಂಕ್ಷನ್ ಇರುತ್ತದಲ್ಲ, ಅಲ್ಲೇ, ಓದಿದ ಮರುಗಳಿಗೆಯೇ ಒಂದು ಸೀಡ್ ಸಂಖ್ಯೆ (ಕೌಂಟರನ್ನು ಅಂಚಿನ ಹತ್ತಿರ ತರುವ ಸಂಖ್ಯೆ) ಕೂಡಿಸಿ ಯು32ಗೆ, ಅಂದರೆ ಚಿಹ್ನೆ ಇಲ್ಲದ 32 ಬಿಟ್‌ಗೆ, ಇಳಿಸಿದೆ. ಅದರ ಮೇಲಿನ ಒಂದು ಸಾಲನ್ನೂ ಮುಟ್ಟಲಿಲ್ಲ. ಸುತ್ತು ಹೊಡೆಯುವ ಲೆಕ್ಕದಲ್ಲಿ ಸೀಡ್ ಕೂಡಿಸುವುದೆಂದರೆ ಗಡಿಯಾರದ ಮುಳ್ಳನ್ನು 12ರ ಹತ್ತಿರಕ್ಕೆ ತಿರುಗಿಸಿ ಇಟ್ಟಂತೆ. ಹೊಸದರಲ್ಲಿ ಹಳೆಯದನ್ನು ಕಳೆದಾಗ ಸೀಡ್ ತಾನೇ ಹೋಗುತ್ತದೆ. ಡ್ರೈವರ್ ಸರಿ ಇದ್ದರೆ ಒಟ್ಟು ಲೆಕ್ಕದಲ್ಲಿ ಒಂದು ಬೈಟ್ ವ್ಯತ್ಯಾಸವೂ ಬರಕೂಡದು. ಬಂತು ಎಂದರೆ ತಪ್ಪು ಡ್ರೈವರಿನದ್ದೇ, ಸೀಡಿನದ್ದಲ್ಲ. ಈ ಒಂದು ಮಾತನ್ನು ಒಪ್ಪಿಸಲು ನನಗೆ ಬೋರ್ಡಿನ ಮುಂದೆ ಒಂದು ಸಂಜೆ ಹೋಯಿತು.

ಸೀಡನ್ನು ಡಿಬಗ್‌ಎಫ್‌ಎಸ್‌ನಲ್ಲಿ (ಪರೀಕ್ಷೆಯ ಬೆಲೆಗಳನ್ನು ಬದಲಿಸಲು ಕರ್ನಲ್ ಕೊಡುವ ಫೈಲ್‌ಗಳಲ್ಲಿ) ಒಂದೊಂದು ಕೌಂಟರ್‌ಗೂ ಬೇರೆಯಾಗಿ ಇಟ್ಟೆ. ಕಳಿಸುವ ಕಡೆ ಪಿಕೆಟಿಜೆನ್, ಕರ್ನಲ್‌ನದೇ ಪ್ಯಾಕೆಟ್ ಕಳಿಸುವ ಸಾಧನ. 1,000 ಬೈಟಿನ 10 ಲಕ್ಷ ಪ್ಯಾಕೆಟ್, ಒಂದೂ ಡ್ರಾಪ್ ಆಗದ ಹಾಗೆ ನಿಧಾನಕ್ಕೆ. ತಲುಪುವ ಕಡೆ ಪ್ಯಾಕೆಟ್ ಲೆಕ್ಕ ಸರಿಯಾಗಿ 10 ಲಕ್ಷ, ಬೈಟ್ ಲೆಕ್ಕ ಸರಿಯಾಗಿ 100 ಕೋಟಿ ಏರಬೇಕು. ನಡುವೆ ಸ್ವಿಚ್ ಇರಕೂಡದು, ನೇರ ಕೇಬಲ್. ಐಪಿವಿ6 ಆಫ್, ಪಾಝ್ ಫ್ರೇಮ್ (ಸ್ವಲ್ಪ ನಿಲ್ಲು ಎಂದು ಕಳಿಸುವ ಸೂಚನೆ) ಆಫ್. ಇಲ್ಲದಿದ್ದರೆ ಎಲ್ಲಿಂದಲೋ ಬಂದ ಮೂರು ನಾಲ್ಕು ಪ್ಯಾಕೆಟ್ ಲೆಕ್ಕ ಕೆಡಿಸುತ್ತವೆ. ವೇಗವೇ ಬೇಡವಾದ್ದರಿಂದ ಮೂಲೆಯಲ್ಲಿ ಬಿದ್ದಿದ್ದ ಎರಡು ಹಳೆಯ ಮೆಷಿನ್ ಸಾಕಾಯಿತು. ಖರ್ಚು ಒಂದು ಕೇಬಲ್.

ಮೊದಲ ದಿನವೇ ಸಿಕ್ಕಿತು. ಡ್ರಾಪ್ ಕೌಂಟರ್‌ನ ಸೀಡನ್ನು ಎರಡರ 31ನೇ ಘಾತಕ್ಕೆ ಸ್ವಲ್ಪ ಕಮ್ಮಿ ಇಟ್ಟು, ರಿಂಗ್ (ಬಂದ ಪ್ಯಾಕೆಟ್‌ಗಳು ಕಾಯುವ ಸಾಲು) ಸಣ್ಣದು ಮಾಡಿ, ಬೇಕೆಂದೇ ಡ್ರಾಪ್ ಮಾಡಿಸಿದೆ. 2147483647 ತನಕ ಸರಿಯಾಗಿ ಏರಿತು. ಮುಂದಿನ ಪ್ಯಾಕೆಟ್‌ಗೆ ಪರದೆ ಮೇಲೆ ಬಂದದ್ದು 18446744071562067968. ಇಪ್ಪತ್ತು ಅಂಕಿ. ಯಾರೋ ರಿಜಿಸ್ಟರ್ ಬೆಲೆಯನ್ನು ಸಾದಾ ಇಂಟ್‌ನಲ್ಲಿ (ಋಣ ಸಂಖ್ಯೆಯೂ ಆಗಬಲ್ಲ 32 ಬಿಟ್) ಹಿಡಿದು ಯು64ಗೆ (ಚಿಹ್ನೆ ಇಲ್ಲದ 64 ಬಿಟ್) ಹಾಕಿದ್ದರು. ಮೇಲಿನ ಬಿಟ್ ಬಂದ ಕೂಡಲೇ ಅದು ಋಣ ಸಂಖ್ಯೆ, 64ಕ್ಕೆ ಹಿಗ್ಗಿದಾಗ ಮೇಲಿನ 32 ಬಿಟ್ ಪೂರ್ತಿ 1. ನಿಜವಾದ ಟ್ರಾಫಿಕ್‌ನಲ್ಲಿ ಈ ತಪ್ಪು ನಮ್ಮ ಕಣ್ಣಿಗೆ ಬೀಳುವ ಸಾಧ್ಯತೆಯೇ ಇರಲಿಲ್ಲ. ಅವತ್ತಿನಿಂದ ಆಕ್ಷೇಪ ಮಾಡುವವರು ಕಮ್ಮಿಯಾದರು.

ಗ್ರಾಹಕರ 4 ಜಿಬಿ ಜಾಸ್ತಿ ಲೆಕ್ಕದ ಮೂಲ ಬೇರೆ. ಇಂಟರ್‌ಫೇಸ್ ಇಳಿಸಿ ಏರಿಸಿದಾಗ ಚಿಪ್ ರೀಸೆಟ್ ಆಗಿ ಕೌಂಟರ್ ಸೊನ್ನೆ ಆಗುತ್ತದೆ. ಡ್ರೈವರ್ ಮಾತ್ರ ಹಳೆಯ ಬೆಲೆಯನ್ನು ಹಿಡಿದುಕೊಂಡೇ ಇರುತ್ತಿತ್ತು. ಹೊಸದು ಹಳೆಯದಕ್ಕಿಂತ ಕಮ್ಮಿ ಕಂಡಿತು ಎಂದರೆ ಸುತ್ತು ಬಂದಿದೆ ಎಂದು ತಿಳಿದು ಹತ್ತಿರ ಹತ್ತಿರ 4 ಜಿಬಿ ಕೂಡಿಸುತ್ತಿತ್ತು. ಹೀಗೆ ಇಳಿದು ಏರುವ ಪ್ರತಿ ಫ್ಲ್ಯಾಪ್‌ಗೂ ಬಳಕೆದಾರರ ಬಿಲ್ಲಿಗೆ 4 ಜಿಬಿ. ರೀಸೆಟ್ ಆದ ಮೇಲೆ ಹಳೆಯ ಬೆಲೆಯನ್ನು ಮತ್ತೆ ಓದಿಕೊಳ್ಳುವ ಒಂದು ಸಾಲು ಸೇರಿಸಿದ್ದಕ್ಕೆ ಅದು ನಿಂತಿತು.

ಕಮ್ಮಿ ಬರುತ್ತಿದ್ದದ್ದನ್ನು ಹುಡುಕಲು ಹೋಗಿ ಒಂದು ಬೇರೆ ಪ್ರಯೋಗ ಹುಟ್ಟಿತು. ಇದು ನನಗೆ ಎಲ್ಲಕ್ಕಿಂತ ಹೆಮ್ಮೆಯದು. ನಮ್ಮ ಡ್ರೈವರ್‌ನಲ್ಲಿ ಪ್ರತಿ 2 ಸೆಕೆಂಡಿಗೆ ಒಂದು ವರ್ಕರ್ (ಹಿನ್ನೆಲೆಯಲ್ಲಿ ಓಡುವ ಕೆಲಸ) ಎದ್ದು ರಿಜಿಸ್ಟರ್ ಓದುತ್ತದೆ. 10 ಗಿಗಾಬಿಟ್‌ನಲ್ಲಿ ಸುತ್ತು 3.4 ಸೆಕೆಂಡ್. ವರ್ಕರ್ ಒಂದೂವರೆ ಸೆಕೆಂಡ್ ತಡವಾದರೆ ಒಂದು ಸುತ್ತು ಕಣ್ತಪ್ಪಿ ಹೋಗಬಹುದು. ಇದನ್ನು ನೋಡಲು 10 ಗಿಗಾಬಿಟ್ ಬೇಕಲ್ಲ? ಬೇಡ. ಓದಿದ ಬೆಲೆಯನ್ನು ಎಡಕ್ಕೆ 10 ಬಿಟ್ ಸರಿಸಿ, ಆಮೇಲೆ ಸೀಡ್ ಕೂಡಿಸಿದೆ. ಈಗ ಒಂದು ಬೈಟ್ ಬಂದರೆ ಡ್ರೈವರ್‌ಗೆ 1,024 ಬೈಟ್ ಬಂದ ಹಾಗೆ. 10 ಮೆಗಾಬಿಟ್ ಟ್ರಾಫಿಕ್ ಕಳಿಸಿದರೆ ಡ್ರೈವರ್ ಕಾಣುವುದು 10 ಗಿಗಾಬಿಟ್. ಸುತ್ತು ಹೊಡೆಯುವ (ಮಾಡ್ಯುಲೋ) ಲೆಕ್ಕ ಎಲ್ಲೂ ಮುರಿಯುವುದಿಲ್ಲ, ಹೋಲಿಸುವಾಗ ಕಳಿಸಿದವರ ಲೆಕ್ಕವನ್ನು 1,024ರಿಂದ ಗುಣಿಸಿಕೊಳ್ಳಬೇಕು ಅಷ್ಟೇ. ಜೊತೆಗೆ ಸಿಪಿಯು ಮೇಲೆ ರಿಯಲ್‌ಟೈಮ್ ಆದ್ಯತೆಯ ಒಂದು ಭಾರೀ ಕೆಲಸ ಹಚ್ಚಿದೆ. ವರ್ಕರ್ ನಾಲ್ಕೈದು ಸೆಕೆಂಡ್ ತಡವಾಗುವುದು ಕಣ್ಣಿಗೇ ಕಂಡಿತು, ಸರಿಯಾಗಿ ಒಂದು ಸುತ್ತು ಕಾಣೆ. ಅವಧಿಯನ್ನು ಅರ್ಧ ಸೆಕೆಂಡಿಗೆ ಇಳಿಸಿ, ವರ್ಕರ್‌ಗೆ ಸ್ವಂತ ಹೈ ಪ್ರಯಾರಿಟಿ ವರ್ಕ್‌ಕ್ಯೂ (ಕೆಲಸಗಳ ಸರದಿ) ಕೊಟ್ಟೆವು. ಅದೇ ಭಾರದಲ್ಲಿ ಮತ್ತೆ ಓಡಿಸಿದಾಗ ಸುತ್ತು ಕಾಣೆಯಾಗುವುದು ನಿಂತಿತ್ತು.

ಇನ್ನೊಂದು ಪ್ರಯೋಗ 32 ಬಿಟ್ ಆರ್ಮ್ ಬೋರ್ಡ್ ಮೇಲೆ. ಅಲ್ಲಿ 64 ಬಿಟ್ ಕೌಂಟರನ್ನು ಎರಡು ತುಂಡಾಗಿ ಬರೆಯುವುದು, ಎರಡು ತುಂಡಾಗಿ ಓದುವುದು. ಕೆಳಗಿನ ತುಂಡು ಸೊನ್ನೆಗೆ ಬಂದು ಮೇಲಿನದು ಇನ್ನೂ ಏರದ ಕ್ಷಣದಲ್ಲಿ ಇನ್ನೊಂದು ಕೋರ್ ಓದಿದರೆ ಲೆಕ್ಕ 4 ಜಿಬಿ ಹಿಂದಕ್ಕೆ. ಇದಕ್ಕೆಂದೇ, ಎರಡೂ ತುಂಡು ತಾಳೆಯಾಗುವಂತೆ ಓದಲು, ಕರ್ನಲ್‌ನಲ್ಲಿ ಯು64 ಸ್ಟ್ಯಾಟ್ಸ್ ಸಿಂಕ್ ಇದೆ. ನಮ್ಮವರು ಆರ್‌ಎಕ್ಸ್ (ಬರುವ) ಕಡೆ ಹಾಕಿದ್ದರು, ಟಿಎಕ್ಸ್ (ಹೋಗುವ) ಕಡೆ ಬಿಟ್ಟಿದ್ದರು. ಇಲ್ಲಿ ಸೀಡ್ ಒಂದೇ ಸಾಲದು, ಸುತ್ತು ಒಂದೇ ಸಲ ಬರುತ್ತದೆ, ಆ ಗಳಿಗೆಗೇ ಓದುವುದು ಕಷ್ಟ. ಅದಕ್ಕೆ ಪ್ರತಿ ಪ್ಯಾಕೆಟ್‌ಗೂ ಹೆಚ್ಚುವರಿಯಾಗಿ ಎರಡರ 31ನೇ ಘಾತವನ್ನು ಕೂಡಿಸಿದೆ. ಎರಡು ಪ್ಯಾಕೆಟ್‌ಗೊಂದು ಸಲ ಮೇಲಿನ ತುಂಡಿಗೆ ದಶಕ ಹೋಗುತ್ತದೆ. ಇನ್ನೊಂದು ಕೋರ್‌ನಲ್ಲಿ ಬಿಡದೆ ಓದುತ್ತಾ, ಲೆಕ್ಕ ಹಿಂದಕ್ಕೆ ಹೋಯಿತೇ ಎಂದಷ್ಟೇ ನೋಡಿದೆ. ಒಂದು ನಿಮಿಷದೊಳಗೆ ಹಿಂದಕ್ಕೆ ಹೋದದ್ದು ಸಿಕ್ಕಿತು. 64 ಬಿಟ್ ಸರ್ವರ್ ಮೇಲೆ ಎಷ್ಟು ಓಡಿಸಿದರೂ ಇದು ಬರುವುದಿಲ್ಲ, ಅಲ್ಲಿ ಹುಡುಕಬೇಡಿ.

ಸುಮ್ನೆ ಸಮಯ ತಿನ್ನುವ ಕೆಲವು ಸಂಗತಿಗಳಿವೆ. ಬೈಟ್ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಮೊದಲು ಅದನ್ನು ಪ್ಯಾಕೆಟ್ ಸಂಖ್ಯೆಯಿಂದ ಭಾಗಿಸಿ. ಸರಿಯಾಗಿ 4 ಬಂದರೆ ಅದು ಓವರ್‌ಫ್ಲೋ ಅಲ್ಲ. ಚಿಪ್ಪು ಫ್ರೇಮಿನ ಕೊನೆಯ ತಪಾಸಣಾ ಭಾಗವಾದ ಎಫ್‌ಸಿಎಸ್‌ನ 4 ಬೈಟನ್ನೂ ಎಣಿಸುತ್ತಿದೆ, ಕರ್ನಲ್‌ನ ನಿಯಮದ ಪ್ರಕಾರ ಅದನ್ನು ಎಣಿಸಬಾರದು. ವಿಲ್ಯಾನ್ ಟ್ಯಾಗ್ (ಫ್ರೇಮ್ ಯಾವ ಉಪಜಾಲದ್ದು ಎನ್ನುವ ಗುರುತು) ಕೂಡ 4 ಬೈಟೇ, ಅದನ್ನೂ ನೋಡಿಕೊಳ್ಳಿ. ಟಿಎಸ್‌ಒ (ದೊಡ್ಡ ತುಂಡನ್ನು ಚಿಪ್ಪೇ ಪ್ಯಾಕೆಟ್‌ಗಳಾಗಿ ಒಡೆಯುವ ಸೌಲಭ್ಯ) ಆನ್ ಇದ್ದರೆ ಚಿಪ್ಪಿನ ಲೆಕ್ಕಕ್ಕೂ ಸಾಫ್ಟ್‌ವೇರ್ ಲೆಕ್ಕಕ್ಕೂ ತಾಳೆ ಆಗುವುದೇ ಇಲ್ಲ, ಹೆಡರ್‌ಗಳು ಚಿಪ್ಪಿನಲ್ಲಿ ಹೆಚ್ಚುತ್ತವೆ. ಪರೀಕ್ಷೆಯ ವೇಳೆ ಆಫ್ ಮಾಡಿಡಿ. ಹೋಲಿಸುವ ಸ್ಕ್ರಿಪ್ಟ್‌ಗೆ ಆಕ್ (awk) ಭಾಷೆಯನ್ನು ನಂಬಬೇಡಿ. ಅದರ ಸಂಖ್ಯೆಗಳು ಸಾಮಾನ್ಯವಾಗಿ ಡಬಲ್ (ದಶಮಾಂಶ ಬಗೆಯವು), ಎರಡರ 53ನೇ ಘಾತ ದಾಟಿದ ಮೇಲೆ ಕೊನೆಯ ಅಂಕಿಗಳು ನಿಜವಾಗಿರುವುದಿಲ್ಲ. ಬ್ಯಾಷ್ ಶೆಲ್‌ನ ಲೆಕ್ಕ ಎರಡರ 63ನೇ ಘಾತಕ್ಕೆ ಋಣವಾಗುತ್ತದೆ. ನಾನು ಪೈಥಾನ್ ಬಳಸುತ್ತೇನೆ.

ಸೀಡನ್ನು ಅಂಚಿನಿಂದ ಎಷ್ಟು ದೂರ ಇಟ್ಟರೆ ಸುತ್ತು ಸರಿಯಾಗಿ ವರ್ಕರ್ ಓದುವ ಗಳಿಗೆಗೇ ಬೀಳುತ್ತದೆ ಎನ್ನುವುದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಪಿಕೆಟಿಜೆನ್ ಜೊತೆ ಸ್ವಲ್ಪ ಹೊತ್ತು ಕೂತರೆ ನಿಮಗೂ ಹೊಳೆಯುತ್ತದೆ.

ಗ್ರಾಹಕರು ಸುಮಾರು ಒಂದೂವರೆ ತಿಂಗಳು ಎರಡೂ ಕಡೆಯ ಲೆಕ್ಕ ತಾಳೆ ನೋಡಿ ಕಂತು ಬಿಡುಗಡೆ ಮಾಡಿದರು. ಸೀಡ್ ಕೋಡು ಡಿಬಗ್ ಬಿಲ್ಡ್‌ನಲ್ಲಿ ಮಾತ್ರ ಇದೆ, ಗ್ರಾಹಕರಿಗೆ ಹೋಗುವ ಬಿಲ್ಡ್‌ನಲ್ಲಿ ಅದರ ಒಂದು ಸಾಲೂ ಇಲ್ಲ. ಈಗ ಕೈಗೆತ್ತಿಕೊಂಡಿರುವುದು ಓದಿದ ಕೂಡಲೇ ಸೊನ್ನೆಯಾಗುವ ಕೌಂಟರ್ ಇರುವ ಚಿಪ್ಪುಗಳನ್ನು. ಇಂಟೆಲ್‌ನ ಹಳೆಯ 8254ಎಕ್ಸ್ ಸಾಲಿನಲ್ಲಿ ಹಾಗೆಯೇ ಇದೆ, ತುಂಬಿದರೆ ಸುತ್ತು ಹೊಡೆಯದೆ ಗರಿಷ್ಠ ಬೆಲೆಯಲ್ಲೇ ಅಂಟಿಕೊಳ್ಳುತ್ತವೆ. ಅಲ್ಲಿ ಸೀಡ್ ಕೂಡಿಸಿದರೆ ಪ್ರತಿ ಓದಿಗೂ ಸೀಡ್ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದ್ದರಿಂದ ಎಡಕ್ಕೆ ಸರಿಸುವ ಉಪಾಯವನ್ನೇ ಸ್ವಲ್ಪ ಬದಲಿಸಿ, ಗರಿಷ್ಠ ಬೆಲೆ ದಾಟಿದರೆ ಅಲ್ಲೇ ನಿಲ್ಲಿಸುವ ಹಾಗೆ ಬರೆದಿದ್ದೇನೆ. ನೆಟ್‌ವರ್ಕ್ ಕಾರ್ಡ್ ಪರಿಶೀಲಿಸುವ ಈಥ್‌ಟೂಲ್‌ನಿಂದ ಎಲ್ಲ ರಿಜಿಸ್ಟರ್‌ಗಳ ಡಂಪ್ ತೆಗೆಯುವಾಗ ಕೌಂಟರ್‌ಗಳನ್ನೂ ಓದಿಬಿಟ್ಟರೆ ಲೆಕ್ಕ ಸೋರಿಹೋಗುತ್ತದೆ. ಮೊದಲು ಅದನ್ನು ಹಿಡಿಯಬೇಕು.